ರಘುವಿನ ಕ್ಯಾಸೆಟ್ಟಿಗೆ ಜನ ಏನಂದರು

ಮದರಾಸು
9-6-1996

ಪ್ರಸಾದ,

ಕ್ಯಾಸೆಟ್ಟು ಕೊನೆಗೂ ಹೊರಗೆ ಬಂತು. ನೀನು ಅಂಗಡಿಯವನು, ನನಗಿಂತ ಮೊದಲೇ ನೋಡಿರುತ್ತೀಯ. 'ಮೂಚ್ಚು ವಿಡಾಮೆ' ಎಂದು ಹೆಸರಿಟ್ಟದ್ದು ಕಂಪನಿಯವರು. ಉಸಿರು ಬಿಡದೆ ಮಾತಾಡುವವನು ಎಂದೇ ನನ್ನನ್ನು ಮಾರಬೇಕಂತೆ. ರಟ್ಟಿನ ಮೇಲೆ ಕಪ್ಪು ಕನ್ನಡಕ ಹಾಕಿ ನಿಲ್ಲಿಸಿದ್ದಾರೆ. ನಿಮ್ಮ ಗಂಗೂಬಾಯಿ ಅಮ್ಮ ನೋಡಿ ಏನಂದರು, ಬರಿ.

ಮೂರು ವರ್ಷ ಸಿನಿಮಾ ಹಾಡುಗಳ ನಡುವೆ ನಾಲ್ಕು ಸಾಲು, ಎಂಟು ಸಾಲು ರ್ಯಾಪ್ ಬಡಬಡಿಸಿ ಬಂದವನು ನಾನು. ಹೆಸರೂ ಹಾಕುತ್ತಿರಲಿಲ್ಲ. ಈಗ ಎಂಟು ಪಾಟಿನ, ಎಂಟೂ ಹಾಡು ನನ್ನವೇ ಇರುವ ಸ್ವಂತ ಕ್ಯಾಸೆಟ್ಟು. ವಾರಪತ್ರಿಕೆಯಲ್ಲಿ ಫೋಟೋ ಬಂದಿದೆ, ಟೀವಿಯವರು ಕರೆದಿದ್ದಾರೆ. ಆದರೆ ಇಲ್ಲಿ ಎಲ್ಲರೂ ಎದುರಿಗೆ ಬಂದು ಸೂಪರ್ ಎನ್ನುತ್ತಾರೆ. ಹೊರಗೆ ಹೋಗಿ ಏನೆನ್ನುತ್ತಾರೋ ತಿಳಿಯದು. ದೀಪಾವಳಿಯೊಳಗೆ ಎರಡನೆಯ ಕ್ಯಾಸೆಟ್ಟಿನ ಕೆಲಸ ಮುಗಿಸಬೇಕು. ಇದೇ ದಾರಿಯಲ್ಲಿ ಹೋಗಲೋ, ಪ್ರೇಮಗೀತೆಗೆ ಯಾರನ್ನಾದರೂ ಕರೆದು ಹಾಡಿಸಿ ನಡುವೆ ನಾನು ನಾಲ್ಕು ಮಾತು ಸೇರಿಸಲೋ ಎಂದು ಕಂಪನಿಯವರು ನನ್ನನ್ನೇ ಕೇಳುತ್ತಿದ್ದಾರೆ.

ಅದಕ್ಕೇ ನಿನಗೆ ಒಂದು ಕೆಲಸ. ಸೇಲಂ ಹಳೇ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಗೆ ಬಾರದ ಜನವಿಲ್ಲ. ಕೇಳಿದವರು ಏನಂದರು ಎಂಬುದನ್ನು ಇದ್ದ ಹಾಗೇ ಬರೆದು ಕಳಿಸು. ಬೈದರೆ ಬೈದದ್ದೇ ಬರಿ. ಕಾಲೇಜಿನಲ್ಲಿ ನಾನು ಏನು ಹೇಳಿದರೂ ಮುಖಕ್ಕೆ ಹೊಡೆದ ಹಾಗೆ ತಪ್ಪು ತೋರಿಸುತ್ತಿದ್ದವನು ನೀನೊಬ್ಬನೇ.

ಇನ್ನೊಂದು. ಎರಡನೆಯ ಬದಿಯಲ್ಲಿ ಮೀನಿನ ಏಲದ ಪಾಟು ಇದೆ. ಅಪ್ಪ ಮೂವತ್ತು ವರ್ಷದಿಂದ ಕೊಳತ್ತೂರಿನ ಕೆರೆದಂಡೆಯಲ್ಲಿ ಮೀನು ಹರಾಜು ಹಾಕುತ್ತ ಕೂಗುವ ಏಲದ ಕೂಗನ್ನೇ ಇಟ್ಟುಕೊಂಡು ಮಾಡಿದ್ದು. ಅಪ್ಪನಿಗೆ ಓದಲು ಬಾರದು, ಫೋನಿನಲ್ಲಿ ಮಾತಾಡಲು ನಾಚಿಕೆ. ನೀನು ಒಂದು ಸಲ ಹೋಗಿ ಅವರಿಗೆ ಏನನ್ನಿಸಿತು ಕೇಳುತ್ತೀಯಾ? ಉಳಿದವರೆಲ್ಲ ಒಂದು ಕಡೆ, ಅದೊಂದೇ ಒಂದು ಕಡೆ.

ನಮ್ಮ ಮನೆಯಲ್ಲಿ ಆಡುವುದು ಕನ್ನಡವಾದರೂ ಬರೆಯಲು ಕಲಿತದ್ದು ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಮೂರು ವರ್ಷದಲ್ಲಿ, ಅಮ್ಮನ ಮುಂದೆ ಕೂತು. ಅಕ್ಷರ ತಪ್ಪಿದ್ದರೆ ಅವರಿಗೆ ತೋರಿಸಬೇಡ.

ನಿನ್ನ
ರಘು

*

ಸೇಲಂ
24-6-1996

ರಘು,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಹತ್ತು ದಿನವೂ ನಿನ್ನ ಕೆಲಸವನ್ನೇ ಮಾಡಿದೆ. ಕ್ಯಾಸೆಟ್ಟನ್ನು ಅಂಗಡಿಯ ದೊಡ್ಡ ಸ್ಪೀಕರಿನಲ್ಲಿ ಹಾಕಿ ಬಂದವರ ಮುಖ ನೋಡುತ್ತ ಕುಳಿತೆ. ಬೈದರೂ ಬರಿ ಎಂದಿದ್ದೀಯ. ಬರೆಯುತ್ತೇನೆ.

ಶಂಕಗಿರಿಯ ಲಾರಿ ಡ್ರೈವರ್ ಪಳನಿಯಪ್ಪನ್ ನಮ್ಮ ಹಳೆಯ ಗಿರಾಕಿ. ಮೊದಲ ಪಾಟು ಕೇಳಿ, ಇವನು ಹಾಡುತ್ತಿದ್ದಾನೋ ಬೈಯುತ್ತಿದ್ದಾನೋ ಎಂದು ಕೇಳಿದ. ಸುತ್ತ ನಿಂತವರೆಲ್ಲ ನಕ್ಕರು.

ಶಿವರಾಮನ್ ಮೇಷ್ಟರು ನಿನಗೆ ನೆನಪಿರಬಹುದು, ನಮ್ಮ ಬೀದಿಯ ಕೊನೆಯಲ್ಲಿ ಸಂಗೀತ ಹೇಳಿಕೊಡುವವರು. ಬದಿ ಮುಗಿಯುವವರೆಗೆ ನಿಂತು ಕೇಳಿದರು. ಇದರಲ್ಲಿ ರಾಗವೆಂಬುದೇ ಇಲ್ಲವಲ್ಲಯ್ಯಾ ಎಂದರು.

ಕಾಲೇಜಿನ ಹುಡುಗಿಯೊಬ್ಬಳು ಸೋಮವಾರ ಕೊಂಡು ಬುಧವಾರ ವಾಪಸ್ ತಂದುಕೊಟ್ಟಳು.

ಅಮ್ಮ ಕನ್ನಡಕದ ಫೋಟೋ ನೋಡಿ ನಕ್ಕರು. ನಿನ್ನ ಮಾತು ಅಷ್ಟು ವೇಗವಾಗಿ ಹೋಗುವುದರಿಂದ ಅರ್ಧ ಅವರ ಕಿವಿಗೆ ನಿಲ್ಲುವುದಿಲ್ಲ.

ನನ್ನ ಅಭಿಪ್ರಾಯ ನೀನು ಕೇಳಿಲ್ಲ. ಕೇಳಿದ್ದರೆ ಇಷ್ಟು ಹೇಳುತ್ತಿದ್ದೆ: ವೇಗ ಇದೆ, ಮಾತಿನಲ್ಲಿ ತೂಕ ಕಡಿಮೆ. ಕಾಲೇಜಿನ ದಿನಗಳಲ್ಲಿ ನಾನು ಬರೆದು ನೀನು ಹೇಳುತ್ತಿದ್ದಾಗ ಹಾಗಿರಲಿಲ್ಲ. ಏಲದ ಪಾಟಿನ ನಡುವೆ ತಮಿಳಿನ ಮಧ್ಯದಲ್ಲಿ ಒಂದೇ ಒಂದು ಕನ್ನಡದ ಸಾಲು ಬರುತ್ತದೆ, 'ನೀರು ಇಳಿದ್ರೆ ನಮ್ಮೂರು ಕಾಣ್ತೈತೆ'. ಅದು ಯಾರದು ಎಂದು ನಿನಗೂ ಗೊತ್ತು, ನನಗೂ ಗೊತ್ತು. ರಟ್ಟಿನ ಹಿಂದೆ ಸಾಹಿತ್ಯ ರಘುಪತಿ ಎಂದು ಮಾತ್ರ ಇದೆ. ಇರಲಿ, ನಾನು ಅದನ್ನು ದೊಡ್ಡದು ಮಾಡುವವನಲ್ಲ.

ಮುಂದಿನ ತಿಂಗಳು ಕೊಳತ್ತೂರಿಗೆ ಹೋಗಿಬರುತ್ತೇನೆ.

ಇತಿ
ಕೃಷ್ಣಪ್ರಸಾದ್

*

ಕಾರಿಮಂಗಲಂ
5-7-1996

ಪುಟ್ಟಾ,

ನೀನು ಕಳಿಸಿದ ಹಪ್ಪಳದ ಡಬ್ಬಿ ಬಂತು, ಅಮ್ಮನಿಗೆ ಹೇಳು. ನಿಮ್ಮ ಭಾವನಿಗೆ ತಾಲ್ಲೂಕು ಆಫೀಸಿನಲ್ಲಿ ಇನ್ನೊಂದು ಸೆಕ್ಷನ್ನು ಹೊರಿಸಿದ್ದಾರೆ, ಮನೆಗೆ ಬರುವುದು ಏಳಕ್ಕೆ.

ಪ್ರಸಾದು, ನಾನು ಬರೆಯಲು ಕುಳಿತದ್ದು ನಮ್ಮ ರಘುವಿನ ವಿಷಯ. ನನ್ನ ಶಾಲೆಯ ಹುಡುಗಿಯರಿಗೆ ಹುಚ್ಚು ಹಿಡಿದಿದೆ. ಒಂಬತ್ತನೆಯ ತರಗತಿಯಲ್ಲಿ ಲೆಕ್ಕ ಮಾಡಲು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ ಏಲದ ಪಾಟು ಶುರು. ಯಾರು ಉಸಿರು ತೆಗೆಯದೆ ಕೊನೆ ಮುಟ್ಟುತ್ತಾರೆ ಎಂದು ಪಂದ್ಯ. ಮಾಲತಿ ಎಂಬ ಹುಡುಗಿ, ಮನೆಯಲ್ಲಿ ಕನ್ನಡ ಆಡುವವಳು, ನನ್ನ ಹತ್ತಿರ ಬಂದು, "ಟೀಚರ್, ಅದ್ರಾಗೆ ನಮ್ ಮಾತೂ ಐತೆ," ಎಂದಳು. ಈ ಊರಿನಲ್ಲಿ ಆ ಮಕ್ಕಳು ಮನೆಯ ಮಾತನ್ನು ಶಾಲೆಯಲ್ಲಿ ಬಾಯಿ ಬಿಟ್ಟು ಆಡಿದ್ದನ್ನು ನಾನು ಈ ಆರು ವರ್ಷದಲ್ಲಿ ಕಂಡಿರಲಿಲ್ಲ.

ಧರ್ಮಪುರಿಯ ಟೌನ್ ಬಸ್ಸಿನಲ್ಲೂ ಅದೇ ಕ್ಯಾಸೆಟ್ಟು. ಕಂಡಕ್ಟರನಿಗೆ, ಆ ಹುಡುಗ ನಮ್ಮ ಮನೆಯಲ್ಲೇ ಇದ್ದವನು ಎಂದು ಹೇಳಿದೆ. ಅವನು ನಂಬಲಿಲ್ಲ.

ನನ್ನ ಹತ್ತಿರ ಅವನ ಮದರಾಸಿನ ವಿಳಾಸವಿಲ್ಲ. ಇದನ್ನೆಲ್ಲ ನೀನು ಅವನಿಗೆ ಬರೆ. ಮಾಲತಿ ಹೇಳಿದ್ದನ್ನು ಮರೆಯದೆ ಬರೆ.

ನಿನ್ನ ಅಕ್ಕ
ವಾಣಿ

*

ಸೇಲಂ
16-7-1996

ರಘು,

ನಿನ್ನೆ ಕೊಳತ್ತೂರಿಗೆ ಹೋಗಿಬಂದೆ. ಮೇಟ್ಟೂರಿನವರೆಗೆ ನಿಂತುಕೊಂಡೇ ಹೋಗಬೇಕಾಯಿತು.

ನಿನ್ನ ತಂದೆ ಮನೆಯಲ್ಲೇ ಸಿಕ್ಕಿದರು. ಟೇಪ್ ರೆಕಾರ್ಡರ್ ನಾನೇ ಹೊತ್ತುಕೊಂಡು ಹೋಗಿದ್ದೆ. ಜಗಲಿಯ ಮೇಲಿಟ್ಟು ಏಲದ ಪಾಟು ಹಾಕಿದೆ. ಹೇಗೆ ಬರೆಯಲಿ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ನಡೆದದ್ದನ್ನೇ ಬರಿ ಎಂದವನು ನೀನು. ಪಾಟು ಮುಗಿಯುವ ಮೊದಲೇ ಅವರು ಎದ್ದು ಕೆರೆಯ ಕಡೆ ಹೋದರು. ನಾನು ಹಿಂದೆಯೇ ಹೋಗಿ ಕೇಳಿದ್ದಕ್ಕೆ, ನನ್ನ ಕಸುಬನ್ನು ಊರೆಲ್ಲ ನಗುವ ಹಾಗೆ ಮಾಡಿದ್ದಾನೆ ಎಂಬಂತೆ ಒಂದು ಮಾತು ಆಡಿದರು. ಮತ್ತೆ ಮುಖ ತಿರುಗಿಸಿಕೊಂಡರು. ನಿನ್ನ ಅವ್ವ ಊಟಕ್ಕೆ ಎಬ್ಬಿಸಿದರು, ನಾನು ಮೀನು ತಿನ್ನುವುದಿಲ್ಲವೆಂದು ಬೇರೆ ಸಾರು ಮಾಡಿದ್ದರು.

ಆಡಿ ಹದಿನೆಂಟರ ಹಬ್ಬಕ್ಕೆ ನೀನು ಊರಿಗೆ ಬರುವವನಿದ್ದೆಯಲ್ಲ. ಈ ಸಲ ಬೇಡವೇನೋ ಎಂದು ನನಗೆ ತೋರುತ್ತದೆ. ಸ್ವಲ್ಪ ದಿನ ಹೋಗಲಿ.

ಧರ್ಮಪುರಿ, ಕಾರಿಮಂಗಲದ ಕಡೆ ಯಾರೂ ಕೇಳಿದ ಹಾಗೆ ಕಾಣೆ. ವಾಣಿಯ ಕಾಗದ ಬಂದಿತ್ತು, ವಿಶೇಷವೇನೂ ಇರಲಿಲ್ಲ.

ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಕೃಷ್ಣಪ್ರಸಾದ್

*

ಮದರಾಸು
27-7-1996

ಪ್ರಸಾದ,

ನಿನ್ನ ಎರಡೂ ಕಾಗದ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ.

ಡ್ರೈವರ್ ಹೇಳಿದ್ದು, ಮೇಷ್ಟರು ಹೇಳಿದ್ದು ಒಂದು ದಿನ ನೋಯಿಸಿತು, ಆಮೇಲೆ ಹೋಯಿತು. ಅಪ್ಪ ಎದ್ದು ಹೋದದ್ದು ಹೋಗುತ್ತಿಲ್ಲ. ಆ ಕೂಗನ್ನು ನಾನು ನಗೆಗಾಗಿ ತೆಗೆದುಕೊಂಡದ್ದಲ್ಲ. ಸಣ್ಣವನಿದ್ದಾಗ ಅವರ ತೊಡೆಗೆ ಅಂಟಿ ನಿಂತು ಕೇಳಿದ ಕೂಗು. ಸ್ಟುಡಿಯೋದಲ್ಲಿ ಕಣ್ಣು ಮುಚ್ಚಿದರೆ ದೋಣಿಯಿಂದ ಇಳಿಸುವ ಮೀನಿನ ವಾಸನೆ ಬರುತ್ತಿತ್ತು. ಅಷ್ಟು ಇಷ್ಟಪಟ್ಟು ಮಾಡಿದ್ದು ಅವರಿಗೆ ಅಣಕದ ಹಾಗೆ ಕೇಳಿಸಿದ್ದರೆ ತಪ್ಪು ನನ್ನದೇ.

ಆಡಿ ಹದಿನೆಂಟಕ್ಕೆ ಬರುವುದಿಲ್ಲ. ಯಾವ ಮುಖ ಹೊತ್ತು ಬರಲಿ? ರೆಕಾರ್ಡಿಂಗ್ ಇದೆ ಎಂದು ಅವ್ವನಿಗೆ ಹೇಳಿ ಕಳಿಸಿದ್ದೇನೆ. ಗಂಗೂಬಾಯಿ ಅಮ್ಮನಿಗೂ ಒಂದು ಕಾಗದ ಬರೆದಿದ್ದೇನೆ, ಸೇಲಂ ಕಡೆ ಸದ್ಯಕ್ಕೆ ಬರಲಾರೆ ಎಂದು.

ಎರಡನೆಯ ಕ್ಯಾಸೆಟ್ಟಿನಲ್ಲಿ ನಮ್ಮ ಕಡೆಯ ಮಾತು, ಕೆರೆ, ಕೂಗು ಯಾವುದೂ ಇರುವುದಿಲ್ಲ. ಆರೂ ಪ್ರೇಮಗೀತೆ. ಹಾಡುವವರು ಹಾಡುತ್ತಾರೆ, ನಾನು ನಡುವೆ ನಾಲ್ಕು ಮಾತು. ಕಂಪನಿಯವರಿಗೆ ಖುಷಿ.

ಆ ಕನ್ನಡದ ಸಾಲು ನಿನ್ನದೆಂದು ನೀನು ಬರೆದದ್ದು ಓದಿ ಆಶ್ಚರ್ಯವಾಯಿತು. ನನಗೆ ಹಾಗೆ ನೆನಪಿಲ್ಲ. ಆದರೆ ನಿನಗೆ ಹಾಗೆ ನೆನಪಿದ್ದರೆ ಮುಂದಿನ ಸಲ ಅಚ್ಚು ಹಾಕುವಾಗ ನಿನ್ನ ಹೆಸರೂ ಹಾಕಿಸುತ್ತೇನೆ.

ನಿಜ ಹೇಳಿದ್ದಕ್ಕೆ ಉಪಕಾರವಾಯಿತು ಪ್ರಸಾದ. ನಿನ್ನ ಹಾಗೆ ಬರೆಯುವವರು ನನಗೆ ಇನ್ನೊಬ್ಬರಿಲ್ಲ.

ರಘು

*

ಕಾರಿಮಂಗಲಂ
10-9-1996

ಪ್ರಸಾದು,

ಗೋಕುಲಾಷ್ಟಮಿಗೆ ಸೇಲಂಗೆ ಬಂದಾಗ ನಿನ್ನೆದುರೇ ಹೇಳಬೇಕೆಂದಿದ್ದೆ. ನೀನು ಬೆಳಿಗ್ಗೆ ಅಂಗಡಿಗೆ ಹೋದವನು ನಾನು ಬಸ್ಸು ಹತ್ತುವವರೆಗೆ ಮನೆಗೆ ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ರಘು ಬರೆದ ಕಾಗದವನ್ನು ಅಮ್ಮ ನನಗೆ ಓದಲು ಕೊಟ್ಟರು. ಅದರಲ್ಲಿ, ಅಪ್ಪನಿಗೆ ನನ್ನ ಮುಖ ನೋಡಲು ಇಷ್ಟವಿಲ್ಲ, ನಮ್ಮ ಜಿಲ್ಲೆಗಳಲ್ಲಿ ಯಾರಿಗೂ ಕ್ಯಾಸೆಟ್ಟು ಹಿಡಿಸಿಲ್ಲ, ಕಾರಿಮಂಗಲದ ಕಡೆ ಕೇಳಿದವರೇ ಇಲ್ಲ ಎಂದು ಪ್ರಸಾದ ಬರೆದಿದ್ದಾನೆ ಎಂದಿತ್ತು. ನನಗೆ ಮೊದಲು ಅರ್ಥವಾಗಲಿಲ್ಲ. ಎರಡು ಸಲ ಓದಿದೆ. ನಾನು ನಿನಗೆ ಬರೆದ ಕಾಗದ ಎಲ್ಲಿ ಹೋಯಿತು? ಮಾಲತಿ ಹೇಳಿದ ಮಾತು ಎಲ್ಲಿ ಹೋಯಿತು?

ಆ ಸಾಲು ನಿನ್ನದು ಎಂದೂ ಅವನಿಗೆ ಬರೆದಿದ್ದೀಯಂತೆ. ಅದು ಹುಟ್ಟಿದ ದಿನ ನಾನೂ ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತ ಕುಳಿತಿದ್ದೆ. ಆ ಬೇಸಿಗೆ ಕೆರೆಯ ನೀರು ಇಳಿದು, ಅಣೆಕಟ್ಟು ಕಟ್ಟಿದಾಗ ಮುಳುಗಿದ ಅವರ ಹಳೆಯ ಊರಿನ ಗೋಪುರ ಕಂಡಿತ್ತು. ಅವನು ಊರಿಂದ ಬಂದು ಅದನ್ನು ಹೇಳುತ್ತ ಹೇಳುತ್ತ ಆ ಸಾಲು ಆಡಿದ. ನೀನು ನಕ್ಕೆ. 'ಐತೆ' ಎಂದು ಯಾರಾದರೂ ಕವಿತೆ ಬರೆಯುತ್ತಾರೇನೋ, 'ಇದೆ' ಎಂದು ತಿದ್ದು ಎಂದೆ. ಅವನು ತಿದ್ದಲಿಲ್ಲ. ನೀನು ನಿನ್ನ ಜನ್ಮದಲ್ಲಿ ಒಂದು ಸಲವಾದರೂ 'ಐತೆ' ಎಂದು ಬರೆದಿದ್ದೀಯಾ?

ಅವರಪ್ಪ ಚಿನ್ನಪ್ಪನವರು ಹಾಗೆ ಅಂದಿರಲಾರರು ಎಂದು ನನ್ನ ಮನಸ್ಸು ಹೇಳುತ್ತದೆ. ಏನಂದರು? ನನಗಾದರೂ ನಿಜ ಬರೆ.

ವಾಣಿ

*

ಸೇಲಂ
20-9-1996

ಅಕ್ಕಾ,

ಒಂದು ವಾರ ನಿನ್ನ ಕಾಗದಕ್ಕೆ ಸಿಟ್ಟು ಮಾಡಿಕೊಂಡಿದ್ದೆ. ನಿನ್ನೆ ಅಂಗಡಿಯಲ್ಲಿ ಹಳೆಯ ನೋಟುಬುಕ್ಕುಗಳನ್ನು ತಂದಿಟ್ಟುಕೊಂಡು ಆ ಸಾಲನ್ನು ಹುಡುಕಿದೆ. ಎಲ್ಲೂ ಇಲ್ಲ. ನೀನು ನಂಬಬೇಕು, ನಾನು ಸುಳ್ಳೆಂದು ತಿಳಿದು ಹೇಳಿದ್ದಲ್ಲ. ನನ್ನದೇ ಎಂದು ನನಗೆ ನಿಜವಾಗಿಯೂ ನೆನಪಿತ್ತು. ಕ್ಯಾಸೆಟ್ಟಿನಲ್ಲಿ ಆ ಸಾಲು ಬಂದಾಗ ಮೈ ಜುಮ್ಮೆಂದಿತು. ಇಷ್ಟು ಚೆನ್ನಾಗಿರುವುದು ನನ್ನದಲ್ಲದೆ ಅವನದು ಹೇಗಾದೀತು ಎನಿಸಿತು. ಅಲ್ಲಿಂದ ಅದು ನನ್ನದಾಗಿಬಿಟ್ಟಿತು.

ಅಂಗಡಿಗೆ ಬಂದವರು ಹೇಳಿದ್ದನ್ನು ನಾನು ಸುಳ್ಳು ಬರೆಯಲಿಲ್ಲ, ಅರ್ಧ ಬರೆದೆ. ಪಳನಿಯಪ್ಪನ್ ಹಾಡೋ ಬೈಗುಳವೋ ಎಂದು ಕೇಳಿದ್ದು ನಿಜ. ಆಮೇಲೆ, ತೊಪ್ಪೂರು ಘಾಟಿನಲ್ಲಿ ಕಣ್ಣು ಎಳೆಯುವಾಗ ಇದೊಂದಿದ್ದರೆ ಸಾಕು ಎಂದು ಮೂರು ಕ್ಯಾಸೆಟ್ಟು ಕೊಂಡು ಹೋದ, ಒಂದು ತನಗೆ, ಎರಡು ಜೊತೆಯ ಲಾರಿಗಳಿಗೆ. ಶಿವರಾಮನ್ ಮೇಷ್ಟರು ರಾಗವಿಲ್ಲ ಎಂದರು. ಆಮೇಲೆ, ತಾಳ ಕೂದಲೆಳೆಯಷ್ಟೂ ಅಲ್ಲಾಡಿಲ್ಲ, ಈ ಹುಡುಗ ಯಾರ ಹತ್ತಿರ ಕಲಿತ ಎಂದು ಕೇಳಿದರು. ಆ ಹುಡುಗಿ ಕ್ಯಾಸೆಟ್ಟು ವಾಪಸ್ ತಂದದ್ದು ಟೇಪು ಸುತ್ತಿಕೊಂಡು ಹಾಳಾಗಿತ್ತು ಎಂದು. ಎರಡು ದಿನದಲ್ಲಿ ಅಷ್ಟು ಸಲ ಹಾಕಿದ್ದಳು. ಬೇರೆ ಕೊಟ್ಟೆ.

ಚಿನ್ನಪ್ಪನವರ ವಿಷಯ ಮಾತ್ರ ಅರ್ಧವಲ್ಲ.

ಅವರು ಎದ್ದು ಹೋಗಲಿಲ್ಲ ಅಕ್ಕಾ. ಟೇಪ್ ರೆಕಾರ್ಡರಿನ ಹತ್ತಿರ ಕಿವಿ ತಂದು ಕುಕ್ಕರಗಾಲಿನಲ್ಲಿ ಕುಳಿತರು. ಮುಗಿದ ಮೇಲೆ ಇನ್ನೊಮ್ಮೆ ಹಾಕು ಎಂದರು. ನಾಲ್ಕು ಸಲ ಹಾಕಿದೆ. ಕೊನೆಗೆ ಬೀಡಿ ಆರಿಸಿ ಹೇಳಿದರು: "ತಂಬಿ, ಚೆನ್ನಾಗೈತೆ ಅಂತ ಬರೀಬ್ಯಾಡ, ಅದು ಊರೋರೆಲ್ಲ ಏಳ್ತಾರೆ. ಒಂದು ಜಾಗದಾಗೆ ಉಸುರು ಎಳ್ದವ್ನೆ. ಕಟ್ಲಾ ಮೀನು ಮುಗ್ದು ಕೆಂಡೆ ಮೀನು ಬತ್ತೈತಲ್ಲ, ಅಲ್ಲಿ. ಯಾರ್ಗೂ ಗೊತ್ತಾಗಾಕಿಲ್ಲ, ನಂಗೆ ಗೊತ್ತಾಯ್ತೈತೆ. ಆಡಿ ಅದಿನೆಂಟಕ್ಕೆ ಬರ್ತಾನಲ್ಲ, ಏಳ್ಕೊಡ್ತೀನಿ ಅಂತ ಬರಿ."

ನಾನು ಬರುತ್ತ ಬಸ್ಸಿನಲ್ಲಿ ಆ ಜಾಗವನ್ನು ನೆನೆದು ನೆನೆದು ನೋಡಿದೆ. ಕ್ಯಾಸೆಟ್ಟು ಇನ್ನೂರು ಸಲ ಹಾಕಿದವನು ನಾನು. ಆ ಉಸಿರು ನನಗೆ ಒಂದು ಸಲವೂ ಕೇಳಿಸಿರಲಿಲ್ಲ. ಮನೆಗೆ ಬಂದು ಮತ್ತೆ ಹಾಕಿದೆ. ಇದೆ.

ಪೇಪರಿನಲ್ಲಿ ಫೋಟೋ ಬಂದಾಗ, ಟೀವಿಯವರು ಕರೆದಾಗ ಆದ ಸಂಕಟ ತಡೆದುಕೊಳ್ಳುವಂಥದ್ದು. ಇದು ಹಾಗಲ್ಲ. ನಾನು ಬರೆದದ್ದನ್ನು ಯಾರು ಹಾಗೆ ಕುಕ್ಕರಗಾಲಿನಲ್ಲಿ ಕುಳಿತು ನಾಲ್ಕು ಸಲ ಕೇಳಿದ್ದಾರೆ? ಎಲ್ಲಿ ಉಸಿರು ತಪ್ಪಿದೆ ಎಂದು ಯಾರು ಹುಡುಕಿದ್ದಾರೆ? ಅಮ್ಮ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವನ ಕ್ಯಾಸೆಟ್ಟು ಹಾಕುತ್ತಾರೆ. ಪಕ್ಕದ ಮನೆಯವರನ್ನು ಕರೆದು ಕೂಡಿಸುತ್ತಾರೆ. ಒಂದು ದಿನ ನನ್ನ ಕಡೆ ತಿರುಗಿ, "ನೀನೂ ಬರೀತಿದ್ದೆ ಅಲ್ವೇನೋ?" ಎಂದರು. ಬರೀತಿದ್ದೆ ಎಂದರು ಅಕ್ಕಾ. ಪ್ರೀತಿಯಿಂದಲೇ ಹೇಳಿದರು. ಆ ವಾರವೇ ನಾನು ಕೊಳತ್ತೂರಿಗೆ ಹೋದದ್ದು.

ಮದರಾಸಿಗೆ ಹೋಗಲು ನಾನೂ ಅವನೂ ಟಿಕೇಟು ತೆಗೆದಿದ್ದೆವು, ನಿನಗೆ ಗೊತ್ತು. ಅಮ್ಮನಿಗೆ ಜ್ವರ ಎಂದು ನಾನು ಉಳಿದೆ. ಜ್ವರ ಇರಲಿಲ್ಲವೆಂಬುದೂ ನಿನಗೆ ಗೊತ್ತು. ಇಷ್ಟು ವರ್ಷ ನೀನು ಅದನ್ನು ಕೇಳಲಿಲ್ಲ. ಇದನ್ನೂ ಹಾಗೇ ಬಿಟ್ಟುಬಿಡು. ಅವನಿಗೆ ಹೇಳಬೇಡ.

ಪ್ರಸಾದ

*

ಕಾರಿಮಂಗಲಂ
25-9-1996

ಪುಟ್ಟಾ,

ಜ್ವರದ ಮಾತು ನಿನ್ನೊಬ್ಬನದು, ಅದಕ್ಕೇ ಕೇಳಲಿಲ್ಲ. ಇದು ಹಾಗಲ್ಲ. ಅಲ್ಲೊಬ್ಬರು ಮಗ ಬರಲಿಲ್ಲವಲ್ಲ ಎಂದು ಕಾಯುತ್ತಿದ್ದಾರೆ. ಇಲ್ಲೊಬ್ಬ ಅಪ್ಪನಿಗೆ ಬೇಡವಾದೆ ಎಂದು ಕೊರಗುತ್ತಿದ್ದಾನೆ. ನಡುವೆ ನೀನು ಅಂಗಡಿ ತೆರೆದುಕೊಂಡು ಕೂತಿದ್ದೀಯ.

ಅಮ್ಮನ ಹತ್ತಿರ ಅವನ ವಿಳಾಸ ತೆಗೆದುಕೊಂಡು ಬಂದಿದ್ದೇನೆ. ಹದಿನೈದು ದಿನ ಕಾಯುತ್ತೇನೆ. ನೀನು ಬರೆದರೆ ನಾನು ಬರೆಯುವುದಿಲ್ಲ.

ವಾಣಿ

*

ಸೇಲಂ
4-10-1996

ರಘು,

ಜುಲೈ ಹದಿನಾರರಂದು ನಾನು ನಿನಗೆ ಬರೆದದ್ದು ಸುಳ್ಳು. ನಿನ್ನ ತಂದೆ ಎದ್ದು ಹೋಗಲಿಲ್ಲ. ನಾಲ್ಕು ಸಲ ಹಾಕಿಸಿ ಕೇಳಿದರು. ಕಟ್ಲಾ ಮುಗಿದು ಕೆಂಡೆ ಬರುವ ಜಾಗದಲ್ಲಿ ನೀನು ಉಸಿರು ಎಳೆದಿದ್ದೀಯ, ಬೇರೆ ಯಾರಿಗೂ ಗೊತ್ತಾಗುವುದಿಲ್ಲ, ಆಡಿ ಹದಿನೆಂಟಕ್ಕೆ ಬಂದರೆ ಹೇಳಿಕೊಡುತ್ತೇನೆ ಎಂದು ಬರೆಯಲು ಹೇಳಿದರು. ಚೆನ್ನಾಗಿದೆ ಎಂದು ಊರವರೆಲ್ಲ ಹೇಳುತ್ತಾರೆ, ಅದನ್ನು ಬರೆಯಬೇಡ ಎಂದರು. ಅವರು ಹೇಳಿದ್ದು ಇಷ್ಟೇ. ನಗುವ ಹಾಗೆ ಮಾಡಿದ್ದಾನೆ ಎಂಬ ಮಾತು ನಾನು ಕಟ್ಟಿದ್ದು.

ಆ ಕನ್ನಡದ ಸಾಲು ನಿನ್ನದು. ನಾನು ಅಂದು ಅದನ್ನು ತಿದ್ದಲು ಹೇಳಿದ್ದೆ. ಎಲ್ಲೂ ನನ್ನ ಹೆಸರು ಹಾಕಿಸಬೇಡ.

ಡ್ರೈವರ್ ಪಳನಿಯಪ್ಪನ್ ಮೂರು ಕ್ಯಾಸೆಟ್ಟು ಕೊಂಡ, ಘಾಟಿನಲ್ಲಿ ನಿದ್ದೆ ಬಾರದಿರಲು ಇದೇ ಸರಿ ಎಂದ. ಮೇಷ್ಟರು ನಿನ್ನ ತಾಳವನ್ನು ಹೊಗಳಿ, ಯಾರ ಹತ್ತಿರ ಕಲಿತ ಎಂದು ಕೇಳಿದರು. ಹುಡುಗಿ ವಾಪಸ್ ತಂದದ್ದು ಅಷ್ಟು ಸಲ ಹಾಕಿ ಟೇಪು ಸುತ್ತಿಕೊಂಡದ್ದಕ್ಕೆ. ಕಾರಿಮಂಗಲದಲ್ಲಿ ವಾಣಿಯ ಶಾಲೆಯ ಹುಡುಗಿಯರು ಏಲದ ಪಾಟನ್ನು ಪಂದ್ಯ ಕಟ್ಟಿ ಹೇಳುತ್ತಾರೆ. ಅವರಲ್ಲೊಬ್ಬಳು, ಅದರಲ್ಲಿ ನಮ್ಮ ಮಾತೂ ಇದೆ ಎಂದಳಂತೆ. ಧರ್ಮಪುರಿಯ ಬಸ್ಸುಗಳಲ್ಲಿ ಹಾಕುತ್ತಾರೆ. ಅಮ್ಮ ದಿನಾ ಸಂಜೆ ಹಾಕುತ್ತಾರೆ, ಅವರಿಗೆ ಒಂದಕ್ಷರವೂ ತಪ್ಪದೆ ಬರುತ್ತದೆ. ನನ್ನ ಅಂಗಡಿಯಲ್ಲಿ ಈ ವರ್ಷ ಇಷ್ಟು ಹೋದ ಕ್ಯಾಸೆಟ್ಟು ಬೇರೆ ಇಲ್ಲ.

ಇದನ್ನೆಲ್ಲ ಬರೆಯುವಾಗ ಒಂದೊಂದು ಸಾಲಿಗೂ ಕೈ ನಿಲ್ಲುತ್ತಿದೆ. ಪಶ್ಚಾತ್ತಾಪದಿಂದ ಎಂದು ನೀನು ತಿಳಿಯಬಾರದು. ಇಷ್ಟೂ ನಿನಗೆ ಸಿಕ್ಕಿತಲ್ಲ ಎಂದು.

ವಾಣಿ ಹೆದರಿಸದಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಅದನ್ನೂ ಹೇಳಿಬಿಡುವುದು ಒಳ್ಳೆಯದು. ನೀನು ಊರಿಗೆ ಹೋಗು.

ಕೃಷ್ಣಪ್ರಸಾದ್

*

ಕೊಳತ್ತೂರು
20-1-1997

ಪ್ರಸಾದ,

ನಿನ್ನ ಕಾಗದ ಬಂದಾಗ ಎರಡನೆಯ ಕ್ಯಾಸೆಟ್ಟಿನ ಆರೂ ಪಾಟು ಮುಗಿದಿದ್ದವು. ಕಂಪನಿಯವರನ್ನು ಕೇಳಿದೆ, ಒಂದನ್ನಾದರೂ ಬದಲಿಸೋಣ ಎಂದು. ಆಗುವುದಿಲ್ಲ ಎಂದರು. ಆಮೇಲೆ ಮೂರು ತಿಂಗಳು ನಿನಗೆ ಬರೆಯಲು ಕೂತು ಹರಿದು ಹಾಕಿದೆ. ಬರೀ ಬೈಗುಳವೇ ಬರುತ್ತಿತ್ತು.

ಪೊಂಗಲ್ಲಿಗೆ ಊರಿಗೆ ಬಂದೆ. ಸೇಲಂನಲ್ಲಿ ಬಸ್ಸು ಬದಲಿಸುವಾಗ ನಿನ್ನ ಅಂಗಡಿ ಕಂಡಿತು. ನೀನು ಯಾರಿಗೋ ಕ್ಯಾಸೆಟ್ಟು ಸುತ್ತಿಕೊಡುತ್ತಿದ್ದೆ. ನಾನು ಬರಲಿಲ್ಲ.

ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಕೆರೆದಂಡೆಗೆ ಕರೆದುಕೊಂಡು ಹೋದರು. ದೋಣಿಗಳು ಬಂದು ನಿಂತಿದ್ದವು, ವ್ಯಾಪಾರಿಗಳು ಸೇರಿದ್ದರು. ಟೇಪಿಗೆ ಹೇಳಿದ್ದನ್ನು ಇಲ್ಲಿ ಹೇಳು ನೋಡೋಣ ಎಂದರು. ಮೂರು ಸಾವಿರ ಜನರ ಮುಂದೆ ನಿಂತವನಿಗೆ ಆ ಮೂವತ್ತು ಜನರ ಮುಂದೆ ನಿಲ್ಲಲು ಅಂಜಿಕೆಯಾಯಿತು. ಕೂಗಿದೆ. ಅದೇ ಜಾಗದಲ್ಲಿ ಉಸಿರು ಎಳೆದೆ. ಅಪ್ಪ ಕೈಯೆತ್ತಿ ನಿಲ್ಲಿಸಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. "ಬಾಯಿಂದ ಎಳೀಬ್ಯಾಡ ಮಗಾ. ಕಟ್ಲಾ ಅನ್ನೋವಾಗ್ಲೇ ಮೂಗ್ನಾಗೆ ತಕ್ಕೊಂಬಿಡು. ಮಾತು ನಿಲ್ಲಾಕಿಲ್ಲ," ಎಂದರು. ಆರು ಸಲ ಹೇಳಿಸಿದರು. ಅಷ್ಟು ಹೊತ್ತೂ ಅವರ ಕೈ ಅಲ್ಲೇ ಇತ್ತು. ವ್ಯಾಪಾರಿಗಳು ಮೀನು ಕೆಡುತ್ತದೆ ಎಂದು ಗೊಣಗಿದರು, ಅವರು ಲೆಕ್ಕಿಸಲಿಲ್ಲ. ಏಳನೆಯ ಸಲ ಬಂತು. ಅಂದಿನ ಏಲವನ್ನು ನಾನೇ ಕೂಗಿ ಮುಗಿಸಿದೆ.

ಮನೆಗೆ ನಡೆಯುತ್ತ ಅಪ್ಪ ಕೇಳಿದರು, ಸೇಲಂ ತಂಬಿಗೆ ಆಗಲೇ ಹೇಳಿದ್ದೆನಲ್ಲ, ಅವನು ಬರೆಯಲಿಲ್ಲವೇ ಎಂದು. ಬರೆದಿದ್ದ, ಅಂಚೆಯಲ್ಲಿ ಕಳೆದುಹೋಯಿತು ಎಂದೆ. ಅವರು ನಂಬಿದರು. ಪಾಪ, ಬಿಸಿಲಿನಲ್ಲಿ ಅಷ್ಟು ದೂರ ಆ ಟೇಪು ಹೊತ್ತುಕೊಂಡು ಬಂದಿದ್ದ ಎಂದರು.

ನಿನಗಾಗಿ ನಾನು ಅಪ್ಪನಿಗೆ ಸುಳ್ಳು ಹೇಳಿದೆ. ಆದ್ದರಿಂದ ನೀನು ಆ ಮನೆಗೆ ಯಾವಾಗ ಹೋದರೂ ಅವ್ವ ಬೇರೆ ಸಾರು ಮಾಡಿ ಹಾಕುತ್ತಾಳೆ. ಹೋಗಬೇಕೆನಿಸಿದರೆ ಹೋಗು. ನಾನಿರುವಾಗ ಮಾತ್ರ ಬರಬೇಡ. ಎಷ್ಟು ದಿನ ಎಂದು ನನಗೂ ಗೊತ್ತಿಲ್ಲ.

ಹೊಸ ಕ್ಯಾಸೆಟ್ಟು ಫೆಬ್ರವರಿಯಲ್ಲಿ ಬರುತ್ತದೆ. ನಿನ್ನ ಅಂಗಡಿಗೂ ಬರುತ್ತದೆ, ಮಾರು. ಜನ ಏನಂದರು ಎಂದು ಬರೆಯಬೇಡ.

ರಘುಪತಿ

*

ಸೇಲಂ
16-3-1997

ಅಕ್ಕಾ,

ರಘುವಿನ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಓದಿ ನೀನೇ ಇಟ್ಟುಕೋ. ಅಮ್ಮನಿಗೆ ತೋರಿಸಲು ನನಗೆ ಧೈರ್ಯವಿಲ್ಲ.

ಅದನ್ನು ಓದಿದಾಗ ನನಗೆ ನಾಚಿಕೆಯಾಯಿತು ಎಂದು ಬರೆದರೆ ನೀನು ಸಮಾಧಾನ ಪಡುತ್ತೀಯ. ಆಯಿತು, ಆದರೆ ಆಮೇಲೆ. ಮೊದಲು ಕಣ್ಣಿಗೆ ಬಂದದ್ದು ಹೊಟ್ಟೆಯ ಮೇಲೆ ಇಟ್ಟ ಆ ಕೈ. ಆ ಸಾಲಿನ ಹತ್ತಿರ ನಿಂತುಬಿಟ್ಟೆ. ನಮ್ಮಪ್ಪ ಹೋದಾಗ ನನಗೆ ನಾಲ್ಕು ವರ್ಷ. ಅವರ ಕೈ ಹೇಗಿತ್ತೆಂದು ನಿನಗಾದರೂ ನೆನಪಿರಬಹುದು.

ಕೊಳತ್ತೂರಿಗೆ ಇನ್ನೂ ಹೋಗಿಲ್ಲ.

ಹೊಸ ಕ್ಯಾಸೆಟ್ಟು ಬಂದು ಮೂರು ವಾರವಾಯಿತು. ಮೊದಲನೆಯದರ ಮೂರರಷ್ಟು ಹೋಗುತ್ತಿದೆ. ಮದುವೆ ಮನೆಗಳಲ್ಲಿ, ಜವಳಿ ಅಂಗಡಿಗಳಲ್ಲಿ, ಎಲ್ಲೆಲ್ಲೂ ಅದೇ. ಅಂಗಡಿಯ ಮುಂದೆ ಅವನ ಪೋಸ್ಟರನ್ನು ನಾನೇ ಅಂಟಿಸಿದ್ದೇನೆ. ನಾನು ಕೆಡಿಸಲು ಹೊರಟೆ, ಅವನು ಇನ್ನೂ ಮೇಲೆ ಹೋದ. ಹಾಗೆ ಅಂದುಕೊಂಡು ಒಂದು ವಾರ ಉರಿದೆ. ಆಮೇಲೆ ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಮೊದಲಿನಿಂದ ಕೊನೆಯವರೆಗೆ ಕುಳಿತು ಕೇಳಿದೆ. ಆರು ಪಾಟಿನಲ್ಲಿ ಅವನ ಮಾತು ಇರುವುದು ಬೆರಳೆಣಿಕೆಯಷ್ಟು. ಯಾರು ಬೇಕಾದರೂ ಹೇಳಬಹುದಾದ ಮಾತು. ಅವನ ಮೇಲೆ ಹೊಟ್ಟೆಕಿಚ್ಚು ಪಡಲು ಅದರಲ್ಲಿ ಏನೂ ಇರಲಿಲ್ಲ. ಅದು ನನಗೆ ಸಂತೋಷ ಕೊಡಬೇಕಿತ್ತು.

ನಿನ್ನೆ ಒಬ್ಬಳು ಹುಡುಗಿ ಬಂದು ಹೊಸದನ್ನು ಕೈಯಲ್ಲಿ ಹಿಡಿದು, ಇದು ಹೇಗಿದೆ ಅಣ್ಣಾ ಎಂದು ಕೇಳಿದಳು. ಮೊದಲನೆಯದು ಇದಕ್ಕಿಂತ ಬಹಳ ಚೆನ್ನಾಗಿದೆ ಎಂದೆ. ಎಲ್ಲರೂ ಇದೇ ಚೆನ್ನಾಗಿದೆ ಎನ್ನುತ್ತಾರಲ್ಲ ಎಂದಳು. ಮೀನಿನ ಏಲದ ಪಾಟು ಹಾಕಿ ಕೇಳಿಸಿದೆ. ಅವಳು ಸ್ವಲ್ಪ ಹೊತ್ತು ತಲೆಯಾಡಿಸುತ್ತ ನಿಂತು, ಎರಡನ್ನೂ ಕೆಳಗಿಟ್ಟು, ಅಮ್ಮನನ್ನು ಕೇಳಿಕೊಂಡು ಬರುತ್ತೇನೆ ಎಂದು ಹೋದಳು.

ಅವನದು ಓಡುತ್ತಿದೆಯಲ್ಲ ಎಂಬ ಉರಿಯಿಂದ ಹಾಗೆ ಹೇಳಿದೆನೋ, ನಿಜವೆಂದೇ ಹೇಳಿದೆನೋ ಎಂದು ಅವಳು ಹೋದ ಮೇಲೆ ಯೋಚಿಸಿದೆ. ನನಗೆ ತಿಳಿಯಲಿಲ್ಲ ಅಕ್ಕಾ. ಆದರೆ ಈ ಸಲ ಅರ್ಧ ನುಂಗದೆ ಪೂರ್ತಿ ಹೇಳಿದೆ.

ನಿನ್ನ ತಮ್ಮ
ಪ್ರಸಾದ